ನಾಲ್ಕು ತಂತಿಯ ಕಷಾಯ

ಮನೆದೇವರಾದ ಸಂತ ನಿಕೊಲಾನ ಹಬ್ಬ ಬರುವಷ್ಟರಲ್ಲಿ ಎರಡು ಮಹಾಕಾರ್ಯಗಳನ್ನು ಸಾಧಿಸಿಯೇ ತೀರುವುದಾಗಿ ನೇದಾ ಅಡುಗೆಮನೆಯ ಮಧ್ಯೆ ನಿಂತು ಘೋಷಿಸಿದಳು. ಒಂದು, ಬೇಸ್ ಗಿಟಾರ್ ಕಲಿಯುವುದು. ಎರಡು, ಅದನ್ನು ಅತ್ತೆಗೆ ಗೊತ್ತಾಗದಂತೆ ಕಲಿಯುವುದು! ಮೊದಲನೆಯದನ್ನು ಜಗತ್ತಿನಲ್ಲಿ ಲಕ್ಷಾಂತರ ಜನ ಸಾಧಿಸಿದ್ದಾರೆ. ಎರಡನೆಯದನ್ನು, ಅದರಲ್ಲೂ ಸ್ತಮೇನಾರಂಥ ಅತ್ತೆ ನೇರ ಕೆಳಗಿನ ಮಹಡಿಯಲ್ಲೇ ಇರುವಾಗ, ಪಾಂಚೆವೊ ಊರಿನಲ್ಲಿ ಇದುವರೆಗೆ ಯಾರೂ ಸಾಧಿಸಿದ ದಾಖಲೆಯಿಲ್ಲ.

"ಆ ದಾಖಲೆ ನಾನು ಮಾಡ್ತೀನಿ ನೋಡ್ತಿರು," ಎಂದಳು ನೇದಾ.

"ಸಾಕ್ಷಿ ಹೇಳೋದಕ್ಕೆ ನಾನು ಬದುಕಿದ್ರೆ ನೋಡ್ತೀನಿ," ಎಂದ ಗಂಡ ಗೋಯ್ಕೊ. ಅವನು ಮಗಳು ಇಸ್ಕ್ರಾಳ ಬಾಯಿಗೆ ಕ್ಯಾರೆಟ್ ಗಂಜಿ ಇಡುತ್ತಿದ್ದ. ಮಗಳು ಅದನ್ನು ಅವನ ಅಂಗಿಗೆ ಹಿಂತಿರುಗಿಸುತ್ತಿದ್ದಳು.

ಗುಟ್ಟಿಗೆ ಕಾರಣವಿತ್ತು. ಇಸ್ಕ್ರಾ ಹುಟ್ಟಿದ ದಿನವೇ ಸ್ತಮೇನಾ ಸಂವಿಧಾನ ಜಾರಿ ಮಾಡಿದ್ದರು. ಹಾಲುಣಿಸುವ ತಾಯಿ ಭಾರ ಎತ್ತಬಾರದು, ಬರಿಗಾಲಲ್ಲಿ ನಡೆಯಬಾರದು, ಎದುರುಬದುರು ಕಿಟಕಿ ತೆರೆದು ಗಾಳಿಗೆ ಕೂರಬಾರದು. ಗಿಟಾರ್ ಎಂಬ ಮಾತು ಒಮ್ಮೆ ಗೋಯ್ಕೊನ ಬಾಯಿಂದ ಜಾರಿದಾಗ, "ಮಗು ಹೆತ್ತವಳಿಗೆ ಗಿಟಾರ್ ಯಾಕೋ? ತೊಟ್ಟಿಲು ತೂಗೋಕೆ ಕೈ ಸಾಲ್ತಿಲ್ಲ!" ಎಂದು ತಿದ್ದುಪಡಿಯೂ ಬಂತು. ಆದರೆ ವಾರಕ್ಕೆ ಎರಡು ಸಂಜೆ ಇಸ್ಕ್ರಾಳನ್ನು ನೋಡಿಕೊಳ್ಳುತ್ತಿದ್ದವರೂ ಅದೇ ಸ್ತಮೇನಾ. ಸೊಸೆ ಸೊಂಟದ ವ್ಯಾಯಾಮದ ತರಗತಿಗೆ ಹೋಗುತ್ತಾಳೆಂದು ಅವರು ನಂಬಿದ್ದರು, ಅಥವಾ ನಂಬಿದ್ದಾರೆಂದು ನೇದಾ ನಂಬಿದ್ದಳು. ಹೋಗುತ್ತಿದ್ದುದು ಬ್ಯಾಂಡಿನ ತಾಲೀಮಿಗೆ. ಎಳೆ ಮಕ್ಕಳ ಮೂವರು ತಾಯಂದಿರ ಬ್ಯಾಂಡ್ ಅದು. ಔಷಧಿ ಅಂಗಡಿಯ ಯಾಗೊದಾ ಡ್ರಮ್ ಬಡಿಯುತ್ತಿದ್ದಳು. ಹಬ್ಬಕ್ಕೆ ಮುಂಚಿನ ಶನಿವಾರ ಸಂಸ್ಕೃತಿ ಭವನದಲ್ಲಿ ಮೊದಲ ಕಾರ್ಯಕ್ರಮ. ಗುಟ್ಟು ರಟ್ಟಾದರೆ ಸಂಜೆಗಳು ಹೋದವು, ಬ್ಯಾಂಡ್ ಹೋಯಿತು. ಗಂಜಿ ಒರೆಸದೆ ನೇದಾಳ ಕೈ ಬೇರೇನನ್ನಾದರೂ ಮಾಡುವ ಎರಡೇ ಹೊತ್ತು ಅವು.

ಗಿಟಾರ್ ಕೊಂಡದ್ದು ಮದುವೆಮನೆಗಳಲ್ಲಿ ಬಾರಿಸಿ ನಿವೃತ್ತನಾದ ಒಬ್ಬ ಮುದುಕನಿಂದ. ಗೋಯ್ಕೊ ಅದನ್ನು ತಿರುಗಿಸಿ, ಬಡಿದು, ಮೂಸಿ, ಕೊನೆಗೆ ತಂತಿ ಎಣಿಸಿದ. ಮುಖ ಗಂಭೀರವಾಯಿತು.

"ಉಳಿದೆರಡು ಎಲ್ಲಿ ಸ್ವಾಮಿ?"

"ಯಾವ ಎರಡು?"

"ಗಿಟಾರ್‌ಗೆ ಆರು ತಂತಿ ಅಲ್ವಾ?"

"ಇದು ಬೇಸ್ ಕಣಪ್ಪ. ನಾಲ್ಕೇ."

ಗೋಯ್ಕೊ ಹೆಂಡತಿಯ ಕಿವಿಗೆ ಬಾಗಿದ. "ಎರಡು ತಂತಿ ಕಿತ್ತು ಮಾರ್ಕೊಂಡಿದಾನೆ ನೇದಾ. ರೇಟು ಮಾತ್ರ ಪೂರ್ತಿದು." ಆಮೇಲೆ ಒಂದು ತಂತಿಯನ್ನು ಮೀಟಿದ. ಸೊಳ್ಳೆ ಕೆಮ್ಮಿದಷ್ಟು ಸದ್ದು ಬಂತು. "ಇದಕ್ಕೆ ಗಂಟಲೂ ಇಲ್ಲ!"

"ಆಂಪ್ಲಿಫೈಯರ್‌ಗೆ ಸಿಕ್ಕಿಸಬೇಕು."

"ನೋಡಿದ್ಯಾ? ತಂತಿ ಎರಡು ಕಡಿಮೆ, ಸದ್ದನ್ನೂ ಬೇರೆ ಕೊಂಡ್ಕೋಬೇಕಂತೆ!"

ನೇದಾ ಅವನ ಕಾಲು ತುಳಿದು ದುಡ್ಡು ಕೊಟ್ಟಳು. ಅತ್ತೆ ಕೆಳಗಿರುವ ಮನೆಗೆ ಸದ್ದಿಲ್ಲದ ವಾದ್ಯಕ್ಕಿಂತ ದೊಡ್ಡ ವರ ಬೇಕೆ?

ವರದಲ್ಲಿ ಒಂದು ದೋಷವಿತ್ತು. ತನಗೇ ಕೇಳಿಸದ ವಾದ್ಯವನ್ನು ಕಲಿಯುವುದು ಹೇಗೆ? ಗಿಟಾರಿನ ಮೈಯನ್ನು ಬೀರುವಿನ ಬಾಗಿಲಿಗೆ ಒತ್ತಿ ಹಿಡಿದರೆ ಬೀರುವೇ ದುಂ ದುಂ ಎನ್ನುವುದನ್ನು ಅವಳು ಕಂಡುಹಿಡಿದಳು. ಇಸ್ಕ್ರಾ ಆ ದುಂ ದುಮ್ಮಿಗೆ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದಳು. ನೇದಾಳ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು. ಬೇಸ್ ಹಿಡಿದವಳಿಗೆ ಬೇಸರ ಸಲ್ಲದು, ಒಂದು ದಿನ ಊರೇ ಬೇಷ್ ಎನ್ನಲಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಊರಿಗಿಂತ ಮೊದಲು ಅತ್ತೆ ಬಂದರು.

"ಏನೇ ಅದು, ದಿನಾ ಮಧ್ಯಾಹ್ನ ದುಂ ದುಂ ಅನ್ನುತ್ತೆ?"

"ವಾಷಿಂಗ್ ಮಷೀನ್ ಅತ್ತೆ. ಬಟ್ಟೆ ಹಿಂಡುವಾಗ ಹಾಗೇ."

"ದಿನಾ ಒಗೀತೀಯ, ಬಾಲ್ಕನೀಲಿ ಒಂದು ಕಾಲುಚೀಲಾನೂ ಒಣಗಿದ್ದು ನೋಡ್ಲಿಲ್ಲವಲ್ಲ?"

ಅಂದಿನಿಂದ ನೇದಾ ಬೀರುವಿನ ಒಗೆದ ಬಟ್ಟೆಗಳನ್ನೇ ತೆಗೆದು, ನೀರಲ್ಲಿ ಅದ್ದಿ, ಬಾಲ್ಕನಿಯಲ್ಲಿ ಹರವತೊಡಗಿದಳು. ಒಂದು ಸುಳ್ಳು ಒಣಗಲು ಎರಡು ಹಗ್ಗ ಬೇಕಾಯಿತು!

"ಬೆರಳಿಗೇನಾಯ್ತು?" ಎಂದರು ಅತ್ತೆ ಇನ್ನೊಂದು ದಿನ.

"ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದೆ ಅತ್ತೆ."

"ಡಿಸೆಂಬರ್‌ನಲ್ಲಿ? ಮೆಣಸಿನಕಾಯಿ ಕಾಲ ಮುಗಿದು ಎಷ್ಟು ದಿನ ಆಯ್ತು?"

ಅಷ್ಟರಲ್ಲಿ ಇಸ್ಕ್ರಾ ಅತ್ತು ಕಾಪಾಡಿದಳು.

ಕಾರ್ಯಕ್ರಮದ ವಾರ ಹೊಸ ಆಪತ್ತು ಬಂತು. ಗಂಜಿ, ಪ್ಲಮ್ ಜಾಮ್ ಮೆತ್ತಿದ ಕೈಯಲ್ಲೇ ಅಭ್ಯಾಸ ಮಾಡಿದ್ದರಿಂದ ತಂತಿಗಳಲ್ಲಿ ಕೊಳೆ ತುಂಬಿ ಸದ್ದು ಸತ್ತಿತ್ತು. "ಏನೇ ಇದು, ಒದ್ದೆ ಕಂಬಳಿ ಬಡಿದ ಹಾಗಿದೆ!" ಎಂದಳು ಯಾಗೊದಾ. ಹೊಸ ತಂತಿ ತರಿಸಿದರೆ ಬರುವುದು ಹಬ್ಬ ಕಳೆದ ಮೇಲೆ. "ಬಿಚ್ಚಿ, ಸ್ವಲ್ಪ ವಿನಿಗರ್ ಹಾಕಿ ಕುದಿಸು. ಎಲ್ಲಾ ಬೇಸ್‌ನವರೂ ಹಾಗೇ ಮಾಡೋದು."

ನೇದಾ ಬಿರಡೆಗಳನ್ನು ಸಡಿಲಿಸಿ ನಾಲ್ಕೂ ತಂತಿ ಬಿಚ್ಚಿದಳು. ಸುರುಳಿ ಸುತ್ತಿದರೂ ಅವು ಹಿಡಿಸುವಂಥ ಪಾತ್ರೆ ಮನೆಯಲ್ಲಿ ಒಂದೇ ಇತ್ತು. ಅತ್ತೆ ಮದುವೆಯಲ್ಲಿ ಕೊಟ್ಟದ್ದು. ನೀಲಿ ಅಂಚಿನದು. ಮನೆದೇವರ ಹಬ್ಬಕ್ಕೆ ಗೋಧಿ ಬೇಯಿಸಲು ವರ್ಷಕ್ಕೊಮ್ಮೆ ಮಾತ್ರ ಒಲೆ ಏರುವಂಥದ್ದು. ತೊಳೆದಿಟ್ಟರೆ ಯಾರಿಗೆ ತಿಳಿಯುತ್ತದೆ?

ನೀರು ಕುದಿದು ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಬಾಗಿಲ ಬೀಗದಲ್ಲಿ ಕೀ ತಿರುಗಿತು. ಹಬ್ಬಕ್ಕೆ ಮುಂಚೆ ತಿಕ್ಕಿಡೋಣವೆಂದು ಸ್ತಮೇನಾ ಅದೇ ಪಾತ್ರೆಯನ್ನು ಒಯ್ಯಲು ಬಂದಿದ್ದರು.

"ಏನು ಬೇಯ್ತಿದೆ?"

"ಏನಿಲ್ಲ ಅತ್ತೆ."

"ಏನಿಲ್ಲದ್ದು ಇಷ್ಟು ಜೋರಾಗಿ ಕುದಿಯಲ್ಲ." ಅವರು ಮುಚ್ಚಳ ಎತ್ತಿದರು. ಸೌಟಿನಿಂದ ಒಂದನ್ನು ಎತ್ತಿ ನೋಡಿದರು. "ಇವು ತಂತಿ."

"ಹೌದತ್ತೆ."

"ನನ್ನ ಹಬ್ಬದ ಪಾತ್ರೇಲಿ ತಂತಿ ಬೇಯ್ತಿವೆ."

"ಔಷಧಿಗೆ!" ನೇದಾಳ ನಾಲಿಗೆ ಒಡತಿಯ ಅಪ್ಪಣೆ ಕೇಳದೆ ಓಡಿತು. "ರಕ್ತ ಕಡಿಮೆ ಇದೆ ಅತ್ತೆ ನನಗೆ. ಕಬ್ಬಿಣದ ಅಂಶ ಬೇಕು. ಬಸುರೀಲಿ ನೀವೇ ಸೇಬಿಗೆ ಮೊಳೆ ಚುಚ್ಚಿಟ್ಟು ಬೆಳಿಗ್ಗೆ ತಿನ್ನಿಸ್ತಿದ್ರಲ್ಲ? ಅದೇ ಲೆಕ್ಕ. ಮೊಳೆ ಬದಲು ತಂತಿ, ಸೇಬಿನ ಬದಲು ವಿನಿಗರ್."

"ಯಾರು ಹೇಳಿದ್ದು?"

"ಔಷಧಿ ಅಂಗಡಿ ಯಾಗೊದಾ." ಇಡೀ ಸಂಭಾಷಣೆಯಲ್ಲಿ ಅದೊಂದೇ ನಿಜ!

ಗಡಿಯಲ್ಲಿ ಸುಂಕದವರು ಪೆಟ್ಟಿಗೆಯನ್ನು ನೋಡುವಂತೆ ಸ್ತಮೇನಾ ಸೊಸೆಯ ಮುಖ ನೋಡಿದರು. ಆಮೇಲೆ ಲೋಟ ತೆಗೆದು, ಸೌಟಿನಿಂದ ತುಂಬಿಸಿ, ಎದುರಿಗೆ ಕುರ್ಚಿ ಎಳೆದು ಕೂತರು.

"ಕುಡಿ."

"ಆಮೇಲೆ..."

"ಕಷಾಯ ಬಿಸಿಬಿಸಿಯಾಗಿ ಕುಡಿಯೋದು. ಕುಡಿ."

ನೇದಾ ಕುಡಿದಳು. ಹಳೆಯ ಬಸ್ಸಿನ ಕಂಬಿ ನೆಕ್ಕಿದಂತಿತ್ತು. ಅದರಲ್ಲಿ ಹಳಸಿದ ಗಂಜಿ, ಜಾಮ್, ಇದುವರೆಗೆ ಬಾರಿಸಿದ ಅಷ್ಟೂ ಅಪಸ್ವರ ಎಲ್ಲವೂ ಕರಗಿದ್ದವು.

"ಹೇಗಿದೆ?"

"ಚೆ... ಚೆನ್ನಾಗಿದೆ."

"ಚೆನ್ನಾಗಿದ್ರೆ ಇನ್ನೊಂದು."

ಎರಡನೆಯ ಲೋಟ ಮುಗಿದ ಮೇಲೆ ಸ್ತಮೇನಾ ಪಾತ್ರೆಯನ್ನು ತಂತಿ ಸಮೇತ ಎತ್ತಿಕೊಂಡರು. "ನಿನಗೆ ಮರೆವು. ನನ್ನ ಹತ್ರಾನೇ ಇರಲಿ, ಹೊತ್ತುಹೊತ್ತಿಗೆ ಕೊಡ್ತೀನಿ."

ನೇದಾಳ ನಾಲ್ಕು ತಂತಿಗಳು ಮೆಟ್ಟಿಲಿಳಿದು ಹೋದವು!

ಮರುದಿನದಿಂದ ಬೆಳಿಗ್ಗೆ ಸಂಜೆ ಕೆಳಗಿನಿಂದ ಕರೆ. ಲೋಟ ಸಿದ್ಧ. ಆದರೆ ಕಷಾಯಕ್ಕೆ ಈಗ ಬೇರೆಯೇ ರುಚಿ ಬಂದಿತ್ತು. ನೇದಾ ಕುಡಿಯುತ್ತ ಅತ್ತೆಯ ಕಣ್ಣುಗಳನ್ನು ತೂಗುತ್ತಿದ್ದಳು. ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಬೈಯಬೇಕಿತ್ತು. ಬೈಯದಿದ್ದುದೇ ಹೆಚ್ಚು ಅನುಮಾನಕ್ಕೆ ಕಾರಣವಾಯಿತು. ಅತ್ತೆ "ಚಳಿ ಜಾಸ್ತಿ" ಎಂದರೂ ಅದರ ಹಿಂದೆ ಏನಿದೆ ಎಂದು ಅವಳು ಮೆಟ್ಟಿಲುದ್ದಕ್ಕೂ ಯೋಚಿಸುತ್ತಿದ್ದಳು.

ಕೊನೆಗೆ ಗೋಯ್ಕೊನನ್ನು ಗೂಢಚಾರನಾಗಿ ಕಳಿಸಿದಳು. ಅವನು ಬರಿಗೈಯಲ್ಲಿ, ಬಾಯಿ ಒರೆಸಿಕೊಳ್ಳುತ್ತ ಬಂದ.

"ತಂತಿ?"

"ಪಾತ್ರೆ ಮೇಲೆ ಮುಚ್ಚಳ. ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆ. ಪಕ್ಕದಲ್ಲಿ ಅಮ್ಮ. ನಾನೂ ಬಿಳಿಚ್ಕೊಂಡಿದೀನಂತೆ, ನನಗೂ ಒಂದು ಲೋಟ ಆಯ್ತು." ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಹೋದವನು ಬಹಳ ಹೊತ್ತು ಈಚೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಯಾಗೊದಾಳ ಫೋನ್ ಬಂತು. "ಬೇಸ್ ಇಲ್ಲ ಅಂದ್ರೆ ಕಾರ್ಯಕ್ರಮ ಇಲ್ಲ. ಈಗ್ಲೇ ಹೇಳು, ಭವನದವರಿಗೆ ತಿಳಿಸ್ತೀನಿ." ನೇದಾ ಇಸ್ಕ್ರಾಳನ್ನು ಕಂಕುಳಿಗೇರಿಸಿ ಕೆಳಗೆ ಇಳಿದಳು.

"ಅತ್ತೆ, ಒಂದು ಮಾತು."

"ಮೊದಲು ಲೋಟ ತಗೋ."

"ಕುಡಿಯಲ್ಲ. ಅದು ಔಷಧಿ ಅಲ್ಲ. ಆ ತಂತಿ ಬೇಸ್ ಗಿಟಾರ್‌ದು, ಗಿಟಾರ್ ನನ್ನದು. ಸೊಂಟದ ವ್ಯಾಯಾಮ ಸುಳ್ಳು, ರಕ್ತ ಸುಳ್ಳು, ವಾಷಿಂಗ್ ಮಷೀನ್ ಸುಳ್ಳು. ಸಂಜೆ ಕಾರ್ಯಕ್ರಮ ಇದೆ. ಬೈಯೋದಿದ್ರೆ ನಾಳೆ ಬೈರಿ, ಇವತ್ತು ತಂತಿ ಕೊಡಿ."

ಸ್ತಮೇನಾ ಎದ್ದು ಡ್ರಾಯರ್ ಎಳೆದರು. ಇಸ್ತ್ರಿ ಮಾಡಿದ ಟವೆಲ್ಲಿನಲ್ಲಿ ನಾಲ್ಕೂ ಸುರುಳಿ ಫಳಫಳ ಹೊಳೆಯುತ್ತಿದ್ದವು.

"ಮೊದಲ ದಿನವೇ ಒರೆಸಿಟ್ಟೆ. ನೀರಲ್ಲೇ ಬಿಟ್ರೆ ತುಕ್ಕು ಹಿಡಿಯಲ್ವಾ?"

"ಹಾಗಾದ್ರೆ ನಾನು ಕುಡಿದದ್ದು?"

"ಒಣ ಪ್ಲಮ್ ಬೇಯಿಸಿದ ನೀರು, ಒಂದು ಚಮಚ ವಿನಿಗರ್. ನಾನೇನು ರಾಕ್ಷಸಿನಾ? ನಿಮ್ಮನೇಲಿ ಕುಡಿದ ಎರಡು ಲೋಟ ಮಾತ್ರ ಅಸಲಿ."

"ಯಾವಾಗ ಗೊತ್ತಾಯ್ತು?"

"ಮೊದಲ ವಾರವೇ. ವಾಷಿಂಗ್ ಮಷೀನ್ ತಾಳ ತಪ್ಪಲ್ಲ ಕಣೇ. ನೀನು ತಪ್ತೀಯ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ? ನಾನೇನು ಬೇಡ ಅಂತಿದ್ನಾ?"

"ಅಂತಿದ್ರಿ."

ಸ್ತಮೇನಾ ಯೋಚಿಸಿದರು. "ಹೂಂ. ಅಂತಿದ್ದೆ. ಆದ್ರೂ ಕೇಳಬೇಕಿತ್ತು." ಟವೆಲ್ಲಿನ ಅಂಚನ್ನು ನೀಟಾಗಿ ಮಡಚಿದರು. "ನಿನ್ನ ಮಾವನೂ ಬೇಸ್ ಗಿಟಾರ್ ಬಾರಿಸ್ತಿದ್ರು, ಗೋಯ್ಕೊ ಹುಟ್ಟೋ ಮುಂಚೆ. ನನ್ನ ಪಾತ್ರೇಲಿ ತಂತಿ ಬೇಯಿಸಿ, ಕೆಮ್ಮಿನ ಕಷಾಯ ಅಂದ್ರು. ಅರ್ಧ ಲೋಟಕ್ಕೆ ನಿಜ ಕಕ್ಕಿದ್ರು, ಪಾಪ. ನೀನು ನೋಡಿದ್ರೆ ಶನಿವಾರದ ತನಕ ಎಳೆದೆ!"

"ಮಾವ ಆಮೇಲೆ ಯಾಕೆ ಬಿಟ್ರು?"

"ಮಗು ಆಯ್ತು, ಇನ್ನು ಸಾಕು ಅಂದೆ. ಬಿಟ್ಟುಬಿಟ್ರು. ಒಂದು ಮಾತೂ ಆಡಲಿಲ್ಲ. ಜಗಳ ಆಡಿದ್ರೆ ಚೆನ್ನಾಗಿತ್ತು." ಮೊಮ್ಮಗಳನ್ನು ಕಿತ್ತುಕೊಂಡರು. "ಬಾಯಿ ಬಿಟ್ಕೊಂಡು ನಿಂತಿದೀಯಲ್ಲ, ಹೋಗು, ತಂತಿ ಕಟ್ಟು. ಮಗು ಜೊತೆ ನಾನೂ ಬರ್ತೀನಿ. ಆ ಭವನದಲ್ಲಿ ಗಾಳಿ ಬೀಸಿದ್ರೆ ಮಾತ್ರ ನೋಡು!"

ಸ್ತಮೇನಾ ಭವನದ ಕಿಟಕಿಗಳನ್ನೆಲ್ಲ ಮುಚ್ಚಿಸಿ ಮುಂದಿನ ಸಾಲಿನಲ್ಲಿ ಕೂತರು. ತೊಡೆಯ ಮೇಲೆ ಉಣ್ಣೆ ಟೋಪಿಯ ಇಸ್ಕ್ರಾ, ಪಕ್ಕದಲ್ಲಿ ಗೋಯ್ಕೊ. ಬೇಯಿಸಿದ ತಂತಿಗಳು ನೇದಾಳ ಕಿವಿಗೆ ಗಂಟೆಯಂತೆ ಮೊಳಗಿದವು. ನೇದಾ ಬಾರಿಸಿದಳು, ಇಸ್ಕ್ರಾ ಮಲಗಿದಳು. ಮೂರನೆಯ ಹಾಡಿನಲ್ಲಿ ಅತ್ತೆ ತಲೆದೂಗುತ್ತಿದ್ದಾರೆಯೇ ಎಂದು ಇಣುಕಲು ಹೋಗಿ ನೇದಾಳ ಎಣಿಕೆ ತಪ್ಪಿತು, ಬೆರಳು ನಿಂತಿತು. ಆ ಕ್ಷಣವೇ ಇಸ್ಕ್ರಾ ಎದ್ದು ಡ್ರಮ್ಮನ್ನೂ ಮೀರಿಸಿ ಕಿರುಚಿದಳು! ಯಾಗೊದಾ ಕಣ್ಣು ಕೆಕ್ಕರಿಸಿದಳು. ನೇದಾ ತಡಕಾಡಿ ಮತ್ತೆ ದುಂ ದುಂ ಹಿಡಿದಳು. ಮಗು ಬಾಯಿ ಮುಚ್ಚಿ ಅಜ್ಜಿಯ ತೋಳಿನೊಳಗೆ ಮುದುಡಿತು.

ಚಪ್ಪಾಳೆ ಮುಗಿದ ಮೇಲೆ, ಬೇಷ್ ಎನ್ನಿಸಿಕೊಳ್ಳುವ ಆಸೆಯಿಂದ ನೇದಾ ವೇದಿಕೆ ಇಳಿದು ಓಡಿ ಬಂದಳು.

"ಹೇಗಿತ್ತು ಅತ್ತೆ? ನಿಜ ಹೇಳಿ."

"ನಿಜ ಹೇಳ್ಲಾ? ಹಾಡಿದವಳದು ಕೇಳಿಸ್ತು. ಡ್ರಮ್ ಕೇಳಿಸ್ತು. ನಿನ್ನದು ಒಂದು ಚೂರೂ ಕೇಳಿಸಲಿಲ್ಲ."

"ನನಗೂ," ಎಂದ ಗೋಯ್ಕೊ. "ಆ ಎರಡು ತಂತಿ ಇದ್ದಿದ್ರೆ..."

"ಹಾಗಾದ್ರೆ ಯಾರಿಗೂ ಕೇಳಿಸಲಿಲ್ವಾ?"

ಸ್ತಮೇನಾ ಮೊಮ್ಮಗಳ ಟೋಪಿಯನ್ನು ಕಿವಿಯ ಮೇಲೆ ಎಳೆದು ಸರಿಮಾಡಿದರು.

"ಇಡೀ ಭವನದಲ್ಲಿ ನಿನ್ನ ಬೇಸ್ ಕೇಳಿಸ್ಕೊಂಡವಳು ಇವಳೊಬ್ಬಳೇ. ಅದೂ ನಿದ್ದೇಲಿ."