ದರ್ಜಿ ಬಾಯಿಬಿಟ್ಟ ಅಳತೆ

ದರ್ಜಿ: ದೊಡ್ಡಮ್ಮಾ, ನೂರು ಸಲ ಹೇಳಿದೆ, ಆ ವಿಡಿಯೊದಲ್ಲಿರೋದು ನಾನಲ್ಲ!

ದೊಡ್ಡಮ್ಮ: ನಿನ್ನ ಮುಖ, ನಿನ್ನ ದನಿ, ಕೊರಳಲ್ಲಿ ನಿನ್ನದೇ ಅಳತೆ ಟೇಪು. ಮತ್ತೆ ನಿನ್ನ ಅವಳಿ ತಮ್ಮನಾ? ಸುಮ್ಮನೆ ಈ ಕೋಟು ನಾಲ್ಕಿಂಚು ಒಳಕ್ಕೆ ಹಿಡಿ.

ದರ್ಜಿ: ನಿಮ್ಮ ತೂಕ ಇನ್ನೂ ಇಳಿದೇ ಇಲ್ಲವಲ್ಲ!

ದೊಡ್ಡಮ್ಮ: ಪುಡಿ ನಾಳೆ ಬರತ್ತೆ. ಮುಂಚೇನೇ ಹೊಲಿಸಿಟ್ಟರೆ ತಪ್ಪೇನು?

ಹೊಲಿಗೆ ಯಂತ್ರ ನಿಂತಿತು. ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ದರ್ಜಿಯ ಹೆಂಡತಿ ದೊಡ್ಡಮ್ಮನ ಫೋನ್ ಇಸಿದುಕೊಂಡು ನೋಡಿದಳು. ಪರದೆಯ ಮೇಲೆ ಅವಳ ಗಂಡ ನಗುನಗುತ್ತಾ ತೂಕ ಇಳಿಸುವ ಪುಡಿ ಮಾರುತ್ತಿದ್ದ.

ಹೆಂಡತಿ: ಇದು ಎಐ ಕೈಲಿ ಮಾಡಿಸಿದ್ದು. ಅಂಗಡಿ ಜಾಹೀರಾತಿನ ವಿಡಿಯೊ ಕದ್ದು, ಇವರ ಬಾಯಿಗೆ ಬೇರೆ ಮಾತು ತುರುಕಿದಾರೆ.

ದೊಡ್ಡಮ್ಮ: ಗಂಡನ್ನ ಬಿಟ್ಟುಕೊಡಲ್ಲ ನೀನು, ಗೊತ್ತಮ್ಮ.

ದರ್ಜಿ: ಈ ವಿಡಿಯೊ ಬಂದ ಆ್ಯಪ್‌ನವರಿಗೆ ಮೂರು ಸಲ ದೂರು ಕೊಟ್ಟೆ. ‘ಪರಿಶೀಲಿಸಿದೆವು, ತಪ್ಪೇನೂ ಕಾಣಲಿಲ್ಲ’ ಅಂತ ಉತ್ತರ ಬಂತು.

ದೊಡ್ಡಮ್ಮ: ನೋಡು, ಅವರಿಗೇ ಕಾಣಲಿಲ್ಲ!

ಹೆಂಡತಿ: ಪೂರ್ತಿ ಕೇಳಿದ್ರಾ? ‘ಈ ಅಮ್ಮನ ಸೊಂಟ ನಲವತ್ತೆರಡಿತ್ತು, ಮೂವತ್ತೆಂಟಾಯ್ತು’ ಅಂತಿದಾನೆ ಇದರಲ್ಲಿರೋನು. ಇವರು ಯಾವತ್ತಾದ್ರೂ ಹೆಂಗಸರ ಅಳತೆ ಬಾಯಿಬಿಟ್ಟು ಹೇಳಿದ್ದುಂಟಾ?

ಇಪ್ಪತ್ತು ವರ್ಷದಿಂದ ದರ್ಜಿ ಅಳತೆಯನ್ನು ಚೀಟಿಯಲ್ಲಿ ಬರೆದು, ಮಡಿಸಿ ಡಬ್ಬಿಗೆ ಹಾಕುತ್ತಿದ್ದನೇ ಹೊರತು ತುಟಿ ಬಿಚ್ಚಿರಲಿಲ್ಲ.

ದೊಡ್ಡಮ್ಮ: ಹೌದಲ್ಲೋ! ನನ್ನದನ್ನ ನನಗೇ ಹೇಳಿಲ್ಲ ನೀನು. ಅಯ್ಯೋ, ನನ್ನ ತಂಗಿ!

ದರ್ಜಿ: ಚಿಕ್ಕಮ್ಮಂಗೇನಾಯ್ತು?

ದೊಡ್ಡಮ್ಮ: ಅವಳಿಗೆ ಇದನ್ನ ಕಳಿಸಿದ್ದೇ ನಾನು. ಅವಳ ಪುಡಿ ಬಂದೂ ಆಯ್ತು. ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಇವತ್ತಿಂದ ಅದನ್ನೇ ಕುಡೀತೀನಿ ಅಂದಿದ್ಲು!

ಹೆಂಡತಿ: ಬೇಗ ಫೋನ್ ಮಾಡಿ!

ದೊಡ್ಡಮ್ಮ: ಅವಳ ಹತ್ರ ನೇರವಾಗಿ ತಪ್ಪಾಯ್ತು ಅನ್ನೋಕೆ ನಾಲಿಗೆ ಏಳಲ್ಲ ಕಣೆ. ವಿಡಿಯೊ ಮಾಡಿ ಕಳಿಸು.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕುಳಿತರು.

ದೊಡ್ಡಮ್ಮ: ತಂಗೀ, ನನ್ನದೇ ತಪ್ಪು. ಕ್ಷಮಿಸಮ್ಮ. ಆ ಪುಡಿ ಕುಡೀಬೇಡ.

ಉತ್ತರ ಕೂಡಲೇ ಬಂತು. ಹೆಂಡತಿ ಓದಿದಳು.

ಹೆಂಡತಿ: ‘ಅಕ್ಕಾ, ಯಾರೋ ನಿನ್ನ ನಕಲಿ ವಿಡಿಯೊ ಮಾಡಿದಾರೆ, ಹುಷಾರು! ಹುಟ್ಟಿದಾಗಿಂದ ನೀನು ತಪ್ಪು ಒಪ್ಪಿಕೊಂಡೋಳೇ ಅಲ್ಲ.’

ದೊಡ್ಡಮ್ಮ ಫೋನ್ ಕಿತ್ತುಕೊಂಡು ಕರೆ ಮಾಡಿದರು.

ದೊಡ್ಡಮ್ಮ: ಏ ಕತ್ತೆ! ಯಾರೋ ಏನೋ ಅಂದ್ರೆ ಮಾತ್ರೆ ಬಿಡ್ತೀಯಾ? ಪುಡಿ ಎಸಿ, ಮಾತ್ರೆ ನುಂಗು! ಎಲ್ಲಾ ನಿನ್ನದೇ ತಪ್ಪು!

ಆ ಕಡೆಯಿಂದ ನೆಮ್ಮದಿಯ ದನಿ ಕೇಳಿತು.

ಚಿಕ್ಕಮ್ಮ: ಹಾಂ, ಇದು ನೀನೇ. ಇಗೋ, ಎಸೆದೆ.