ಅಳಿಯ ಒರೆಸಿದ ಚೈನು

ಡ್ರಿಲ್ ಮೇಷ್ಟ್ರಿಗೆ ಅಳಿಯನ ಮೇಲೆ ಯಾವ ದೂರೂ ಇರಲಿಲ್ಲ. ಅದೇ ಅವರ ದೂರು. ಕುಡಿಯುವುದಿಲ್ಲ, ಸೇದುವುದಿಲ್ಲ, ಎದುರು ಮಾತಾಡುವುದಿಲ್ಲ, ಹಲ್ಲಿನ ಡಾಕ್ಟರಾಗಿದ್ದರೂ ಊಟದ ಹೊತ್ತಿನಲ್ಲಿ ಯಾರ ಬಾಯೊಳಗೂ ಇಣುಕುವುದಿಲ್ಲ. ಇಂಥವನನ್ನು ಬೈಯಲು ಎಲ್ಲಿಂದ ಶುರುಮಾಡಬೇಕು? ತಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದುದರಿಂದ ಮಗಳು ಅಳಿಯ ಇಬ್ಬರೂ ವಾರದ ಮಟ್ಟಿಗೆ ಮೇಷ್ಟ್ರ ಮನೆಗೆ ಬಂದಿದ್ದರು. ಬಂದ ದಿನವೇ ಅಡುಗೆಮನೆಯ ನಲ್ಲಿ ಸೋರುವುದು ನಿಂತಿತು. ಮರುದಿನ ಬೀರುವಿನ ಬಾಗಿಲು ಕಿರುಗುಟ್ಟುವುದು ನಿಂತಿತು. ಮೇಷ್ಟ್ರ ಹೆಂಡತಿ ಅಳಿಯನನ್ನು ಹೊಗಳುವುದು ಮಾತ್ರ ನಿಲ್ಲಲೇ ಇಲ್ಲ.

ಮೊದಲೆಲ್ಲ ಈ ಮನೆಯಲ್ಲಿ ಏನು ಕೆಟ್ಟರೂ "ಅಪ್ಪಾ!" ಎಂದು ಮಗಳ ಕೂಗು ಏಳುತ್ತಿತ್ತು. ಮೇಷ್ಟ್ರು ಎದೆಯುಬ್ಬಿಸಿ ಎದ್ದು ಹೋಗಿ, ಕೆಟ್ಟಿದ್ದನ್ನು ಇನ್ನೂ ಸ್ವಲ್ಪ ಕೆಡಿಸಿ, ಆಮೇಲೆ ರಿಪೇರಿಯವನನ್ನು ಕರೆತರುತ್ತಿದ್ದರು. ಆದರೂ ಕೂಗು ಮಾತ್ರ ಅವರದೇ ಸ್ವತ್ತು. ಈಗ ಮಗಳು "ರೀ, ಸ್ವಲ್ಪ ಬನ್ನಿ" ಅನ್ನುತ್ತಾಳೆ. ಅರ್ಧ ಎದ್ದ ಮೇಷ್ಟ್ರು ಪೇಪರು ಸರಿಮಾಡಿಕೊಳ್ಳುವವರಂತೆ ನಟಿಸಿ ಮತ್ತೆ ಕೂರುತ್ತಾರೆ. ಮಗಳು ತಮ್ಮ ಕೈತಪ್ಪಿ ಹೋದಳೆಂಬ ಸಂಕಟ ಅವರಿಗೆ ಮದುವೆಯ ದಿನ ಆಗಿರಲಿಲ್ಲ. ನಲ್ಲಿ ರಿಪೇರಿಯ ದಿನ ಆಯಿತು.

ಉಳಿದಿದ್ದು ಒಂದೇ ಸಾಮ್ರಾಜ್ಯ, ಅವರ ಹಳೆಯ ಸೈಕಲ್ಲು. ಅದರ ಪಾಲನೆ ಪೋಷಣೆ ಎಂದರೆ ಉದ್ದ ಮೂತಿಯ ಡಬ್ಬಿಯಿಂದ ಚೈನಿಗೆ ಧಾರಾಳವಾಗಿ ಎಣ್ಣೆ ಸುರಿಯುವುದು. ತೊಳೆಯುವುದು, ಒರೆಸುವುದು ಅವರ ಶಾಸ್ತ್ರದಲ್ಲಿರಲಿಲ್ಲ. ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಎಣ್ಣೆ ಕೂತು ಚೈನು ಕಪ್ಪು ಹಗ್ಗದಂತಾಗಿತ್ತು. ಇಷ್ಟೆಲ್ಲ ಉಪಚಾರ ನಡೆದರೂ ಸಂದಿಗಳಲ್ಲಿ ತುಕ್ಕು ಕೆಂಪಗೆ ಇಣುಕುತ್ತಿತ್ತು.

ಭಾನುವಾರ ಬೆಳಗ್ಗೆ ಮೇಷ್ಟ್ರು ಹಲ್ಲುಜ್ಜಿ ಹಿತ್ತಲಿಗೆ ಬಂದರೆ, ಅಳಿಯ ಸೈಕಲ್ಲಿನ ಹಲ್ಲುಜ್ಜುತ್ತಿದ್ದ! ಸೀಮೆಎಣ್ಣೆಯಲ್ಲಿ ಅದ್ದಿದ ಟೂತ್‌ಬ್ರಷ್ಷು ಹಿಡಿದು, ಒಂದೊಂದು ಕೊಂಡಿಯನ್ನೂ ದವಡೆ ಹಲ್ಲೆಂಬಂತೆ ಹಿಂದೆ ಮುಂದೆ ತಿಕ್ಕುತ್ತಿದ್ದ.

"ಏನ್ ಮಾಡ್ತಿದೀರಿ ಅಳಿಯಂದ್ರೇ?" ಮೇಷ್ಟ್ರ ದನಿ ಮೈದಾನದಲ್ಲಿ ಕೂಗುವಷ್ಟೇ ಜೋರಾಗಿತ್ತು.

"ತುಕ್ಕು ಹಿಡೀತಾ ಇತ್ತು ಮಾವ. ಹಳೇ ಜಿಡ್ಡು ತೆಗೆದು, ಒಣಗಿಸಿ, ಆಮೇಲೆ ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ರೆ ಸಾಕು."

"ಒಂದೇ ಹನೀನಾ? ಅದೇನು ಕಣ್ಣಿಗೆ ಬಿಡೋ ಔಷಧೀನಾ?"

ಅಳಿಯ ನಕ್ಕ. ಚೈನು ಒಣಗಿದ ಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹನಿ ಹನಿಯಾಗಿ ಎಣ್ಣೆ ಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆ ತಗೊಂಡು ಚೈನನ್ನು ಒರೆಸಿಯೇಬಿಟ್ಟ. ಮೇಷ್ಟ್ರಿಗೆ ಊಟ ಬಡಿಸಿ ತಟ್ಟೆ ಎಳೆದುಕೊಂಡಷ್ಟು ಸಂಕಟವಾಯಿತು.

"ಹಾಕಿದ್ದನ್ನೆಲ್ಲ ಒರೆಸಿಬಿಟ್ರಲ್ರೀ!"

"ಬೇಕಾದ್ದು ಒಳಗೆ ಹೋಗಿರುತ್ತೆ ಮಾವ. ಹೊರಗೆ ಉಳಿದ್ರೆ ಧೂಳು ಹಿಡಿಯುತ್ತೆ, ಬಟ್ಟೆಗೂ ಮೆತ್ತುತ್ತೆ."

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಬಂದು ಗಲ್ಲಕ್ಕೆ ಕೈಯಿಟ್ಟರು. "ಅಯ್ಯೋ, ಈ ಚೈನು ಬೆಳ್ಳಗಿತ್ತಾ? ಇಷ್ಟು ವರ್ಷ ಕರೀದು ಅಂದ್ಕೊಂಡಿದ್ದೆ!"

ಮಗಳು ಪೆಡಲು ತಿರುಗಿಸಿದಳು. ಚೂರೂ ಸದ್ದಿಲ್ಲ. "ಅಪ್ಪಾ!" ಎಂದು ಕೂಗಿದಳು. ಮೇಷ್ಟ್ರ ಜೀವ ಜಿಗಿಯಿತು. "ಅಪ್ಪಾ, ನೋಡಪ್ಪ ಇವರು ಹೇಗ್ ಮಾಡಿದಾರೆ! ನಾಳೆ ಸ್ಕೂಲಿಗೆ ಪಾಠ ಮಾಡೋಕೆ ಇದರಲ್ಲೇ ಹೋಗ್ತೀನಿ."

ಜಿಗಿದ ಜೀವ ಕೆಳಗೆ ಬಿತ್ತು. ಅಲ್ಲಿಂದ ಮುಂದೆ ಮೇಷ್ಟ್ರಿಗೆ ಆದದ್ದು ಶುದ್ಧ ಹೊಟ್ಟೆಕಿಚ್ಚು. (ಅವರು ಅದಕ್ಕೆ 'ಸೈಕಲ್ಲಿನ ಬಗ್ಗೆ ಕಾಳಜಿ' ಎಂದು ಹೆಸರಿಟ್ಟುಕೊಂಡರು.) ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲಿಗೆ ಹೋಗಿ, ಡಬ್ಬಿ ಬೋರಲು ಹಾಕಿದರು. "ಕುಡಿ ಕಂದ, ಹೊಟ್ಟೆತುಂಬ ಕುಡಿ," ಎಂದು ಚೈನಿನ ಬೆನ್ನು ಸವರಿದರು. ನಾಳೆ ಮಗಳು "ಸೈಕಲ್ಲು ಗಾಳಿಯಲ್ಲಿ ತೇಲಿದ ಹಾಗಿತ್ತು" ಅನ್ನಬೇಕು, ಆಗ ಮೀಸೆ ತಿರುವುತ್ತಾ "ಅದು ನನ್ನ ಎಣ್ಣೆ" ಅನ್ನಬೇಕು, ಇದು ಅವರ ಯೋಜನೆ.

ಸೋಮವಾರ ಸಂಜೆ ಮಗಳು ಬಂದಾಗ ಅವಳ ಕೆನೆಬಣ್ಣದ ಹೊಸ ಪ್ಯಾಂಟಿನ ಮೇಲೆ, ಪಾದದಿಂದ ಮೊಣಕಾಲಿನವರೆಗೆ, ಚೈನಿನ ಕರಿ ಅಚ್ಚು ಮೂಡಿತ್ತು.

"ಇಡೀ ದಿನ ಮೇಜಿನ ಹಿಂದೇನೇ ನಿಂತು ಪಾಠ ಮಾಡ್ದೆ ಕಣಮ್ಮ!" ಅವಳಿಗೆ ಅಳುವೇ ಬಂದಿತ್ತು.

ಯೋಜನೆ ಕೆಟ್ಟರೂ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನಾನೇನೂ ಹೇಳಲ್ಲಪ್ಪ. ನನ್ನ ಕೈಯಲ್ಲಿದ್ದಾಗ ಈ ಸೈಕಲ್ಲು ಯಾರ ಪ್ಯಾಂಟೂ ಕೆಡಿಸಿರಲಿಲ್ಲ, ಅಷ್ಟೇ." (ಹಾಫ್ ಪ್ಯಾಂಟು ಹಾಕಿಕೊಂಡು ತುಳಿಯುವವರಿಗೆ ಮೆತ್ತುವುದಾದರೂ ಹೇಗೆ?)

ಅಳಿಯ ಬಗ್ಗಿ ಚೈನು ನೋಡಿದ. ಚಕ್ರದ ಕೆಳಗೆ ತೊಟ್ಟಿಕ್ಕಿದ ಎಣ್ಣೆ ನೋಡಿದ. ಮಾವನ ಕಪ್ಪು ಉಗುರುಗಳನ್ನೂ ಒಂದು ಗಳಿಗೆ ನೋಡಿದ. "ತಪ್ಪು ನಂದೇ. ಸರಿಯಾಗಿ ಒರೆಸಿಲ್ಲ ಅನ್ಸುತ್ತೆ. ಕೊಡು, ಪ್ಯಾಂಟು ನಾನೇ ಒಗೆದುಕೊಡ್ತೀನಿ."

ಮಗಳ ಸಿಟ್ಟು ಅಲ್ಲೇ ಕರಗಿತು. "ಅಯ್ಯೋ ಬಿಡಿ, ಪ್ಯಾಂಟು ತಾನೇ."

"ತಪ್ಪು ಒಪ್ಪಿಕೊಳ್ಳೋ ಗಂಡಸನ್ನ ಈ ಮನೇಲಿ ಇವತ್ತೇ ನೋಡಿದ್ದು," ಎಂದರು ಮೇಷ್ಟ್ರ ಹೆಂಡತಿ.

ಮೇಷ್ಟ್ರು ತಡೆಯಲಾರದೆ ಹೋದರು. ಎಣ್ಣೆ ತಮ್ಮದು, ಡಬ್ಬಿ ತಮ್ಮದು, ಕಷ್ಟಪಟ್ಟು ಮಾಡಿದ ತಪ್ಪೂ ತಮ್ಮದು; ಅದರ ಕೀರ್ತಿಯೂ ಇವನಿಗೇ ಹೋಗಬೇಕೇ?

"ತಪ್ಪು ನಂದು!" ಗುಡುಗಿದರು. "ಎಣ್ಣೆ ಸುರಿದಿದ್ದು ನಾನು, ನಿನ್ನೆ ನೀವೆಲ್ಲ ಮಲಗಿದ್ದಾಗ! ಇವರಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ!"

ಹೆಂಡತಿಯ ಕಣ್ಣು ಒದ್ದೆಯಾಯಿತು. "ನೋಡಿದ್ಯೇನೇ ನಿಮ್ಮಪ್ಪನ್ನ? ಅಳಿಯಂದ್ರ ಮಾನ ಉಳಿಸೋಕೆ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದಾರೆ."

"ಇಲ್ಲ ಕಣೇ, ನಿಜವಾಗ್ಲೂ ನಾನೇ! ನೋಡು, ಡಬ್ಬಿ ಖಾಲಿ!"

"ಸಾಕು ಸುಮ್ನಿರಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

ಮಗಳು ಬಂದು ತೋಳು ಹಿಡಿದುಕೊಂಡಳು. "ಅಪ್ಪ, ನೀನು ಇವರನ್ನ ಇಷ್ಟು ಹಚ್ಚಿಕೊಂಡಿದೀಯ ಅಂತ ಗೊತ್ತೇ ಇರ್ಲಿಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ನಮಗೂ ಮನಸ್ಸಿಲ್ಲ. ಬಣ್ಣ ಆದ್ಮೇಲೆ ಆ ಮನೇನ ಬಾಡಿಗೆಗೆ ಕೊಟ್ಟು ಇಲ್ಲೇ ಇದ್ಬಿಡ್ತೀವಿ."

ಮೇಷ್ಟ್ರು ಬಾಯಿ ತೆರೆದರು. ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಅದು ತೆರೆದೇ ಇತ್ತು.

ಅಳಿಯ ಒಂದು ಒಣಬಟ್ಟೆ ತಂದು ಚೈನಿನ ಪಕ್ಕ ಕೂತ. "ಬನ್ನಿ ಮಾವ, ಇಬ್ರೂ ಸೇರಿ ಒರೆಸೋಣ. ನೀವು ಪೆಡಲು ತಿರುಗಿಸಿ ಸಾಕು." ಊರಿನ ಮಕ್ಕಳಿಗೆಲ್ಲ ಎಡ ಬಲ ಕಲಿಸಿದ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು, "ಸ್ವಲ್ಪ ನಿಧಾನ ಮಾವ" ಎಂಬ ಅಪ್ಪಣೆಯಂತೆ ಪೆಡಲನ್ನು ಹಿಂದಕ್ಕೆ ತಿರುಗಿಸತೊಡಗಿದರು.