ಹೊಸ ಮೊಣಕಾಲಿನ ಹೊಸ ತಕರಾರು

ನಾನು ಮಕ್ತಲ್‌ನ ಫಿಜಿಯೋಥೆರಪಿಸ್ಟ್. ಮೊಣಕಾಲಿನ ಕೀಲು ಬದಲಿಸಿಕೊಂಡವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ನೋವು ಬರುತ್ತದೆ, ಬಾವು ಬರುತ್ತದೆ ಎಂದು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಬರುವುದು ಮಾತ್ರ ಪ್ರತಿ ಸಲ ಬೇರೆ ಇನ್ನೇನೋ.

ಟಕ್ ಟಕ್

ನಾರಾಯಣಪೇಟೆಯ ಒಬ್ಬ ಕಿರಾಣಿ ಸಾವ್ಕಾರರು. ನಡೆದರೆ ಸಾಕು, ಮೊಣಕಾಲು ಟಕ್ ಟಕ್ ಅನ್ನುತ್ತಿತ್ತು.

“ಡಾಕ್ಟರಮ್ಮ, ಒಳಗ ಏನೋ ಮರತು ಹೊಲಿದಾರ್ರಿ!”

ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸಪ್ಪಳ ಅದು, ಬರಬರುತ್ತ ಕಡಿಮೆ ಆಗುತ್ತದೆ ಎಂದೆ. ಸಾವ್ಕಾರರಿಗೆ ಜೀವ ಬಂತು. ಹೆಂಡತಿಯ ಮುಖ ಸಪ್ಪಗಾಯಿತು. ಬಾಗಿಲ ತನಕ ಬಂದು ಪಿಸುಗುಟ್ಟಿದರು: “ಹಂಗ ಇರಲಿ ಬಿಡ್ರಿ. ಅವರಿಗೆ ಶುಗರ್ ಐತಿ. ಈಗ ಲಾಡು ಡಬ್ಬಿ ಕಡೆ ಹೊಂಟ್ರ ನನಗ ಕೇಳಸ್ತದ.”

ಒಂದು ಇಂಚು

ಗದ್ವಾಲದಲ್ಲಿ ಸೀರೆ ನೇಯುವ ಗಂಡ ಹೆಂಡತಿ. ಆಕೆಯ ಕಾಲು ಬಿಲ್ಲಿನಂತೆ ಬಾಗಿದ್ದವು. ಎರಡೂ ಮೊಣಕಾಲು ಬದಲಿಸಿದ ಮೇಲೆ ನೆಟ್ಟಗಾದವು. ವಾಕರ್ ಬಿಟ್ಟು ಗಂಡನ ಪಕ್ಕ ನಿಂತ ದಿನ ನೋಡಿದರೆ ಆಕೆಯೇ ಎತ್ತರ! ಗಂಡ ನಂಬಲಿಲ್ಲ. ಗೋಡೆಗೆ ನಿಲ್ಲಿಸಿ ಟೇಪು ಹಿಡಿದ. ತನಗಿಂತ ಒಂದು ಇಂಚು ಜಾಸ್ತಿ.

ಮರುದಿನ ಹೋದರೆ ಮಂಚದ ಮೇಲೆ ಆತನೇ ಮಲಗಿದ್ದ, ಧೋತರ ಮೇಲಕ್ಕೆ ಎತ್ತಿಕೊಂಡು.

“ನನಗೂ ಆಪರೇಷನ್ ಬರದುಕೊಡ್ರಿ.”

“ನಿಮಗೇನು ನೋವೈತ್ರಿ?”

“ಆಕಿ ಮ್ಯಾಲಿಂದ ನೋಡ್ತಾಳ್ರಿ. ಅದ ನೋವು.”

ಪುಂಡಿಪಲ್ಯ

ನಮ್ಮ ಮಕ್ತಲ್‌ನಲ್ಲೇ ಒಬ್ಬರು ಅತ್ತೆ. ಸೊಸೆಯ ಅಡಿಗೆಯನ್ನು ಹದಿನೈದು ವರ್ಷದಲ್ಲಿ ಒಂದು ದಿನವೂ ಮೆಚ್ಚಿದವರಲ್ಲ. ಒಂದು ಮೊಣಕಾಲಿನ ಆಪರೇಷನ್ ಆದ ಮೇಲೆ ಅವರ ನಾಲಿಗೆಯ ರುಚಿಯೇ ಹೋಯಿತು. ಕೆಲವರಿಗೆ ಮಾತ್ರೆಗಳಿಂದ ಹಾಗಾಗುವುದುಂಟು. ಊಟ ಬಿಟ್ಟು ಸೊರಗಿದರು. “ಉಣ್ಣದಿದ್ರ ಗಾಯ ಮಾಯೋದಿಲ್ಲಮ್ಮ” ಎಂದು ಗದರಿದೆ. ಹೆದರಿ, ಸೊಸೆ ಬಡಿಸಿದ್ದನ್ನೆಲ್ಲ ಸುಮ್ಮನೆ ಉಣ್ಣತೊಡಗಿದರು. ಉಪ್ಪು ಹೆಚ್ಚಾತು ಅನ್ನಲಿಲ್ಲ, ಹುಳಿ ಆತು ಅನ್ನಲಿಲ್ಲ. ಒಂದು ದಿನ “ಇನ್ನೊಂದು ರೊಟ್ಟಿ ಹಾಕವ್ವ” ಎಂದರಂತೆ. ಸೊಸೆ ಅಡಿಗೆಮನೆಗೆ ಹೋಗಿ ಅತ್ತಳಂತೆ.

ಆರನೇ ವಾರ ಅತ್ತೆ ನನ್ನೆದುರೇ ಕೋಲಿಲ್ಲದೆ ನಡೆದು ಬಂದು ಊಟಕ್ಕೆ ಕೂತರು. ಮೊದಲ ತುತ್ತಿಗೇ ಮುಖ ಕಿವುಚಿದರು.

“ಏನಿದು, ಪುಂಡಿಪಲ್ಯನಾ? ಉಪ್ಪಿನ ಚೀಲನ ಸುರುವಿಯಲ್ಲ!”

ನಾನು ಚಪ್ಪಾಳೆ ತಟ್ಟಿದೆ. “ರುಚಿ ಬಂತು! ಅಮ್ಮ ಪೂರಾ ಆರಾಮಾದ್ರು!”

ಸೊಸೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ಡಾಕ್ಟರಮ್ಮ, ಇನ್ನೊಂದು ಮೊಣಕಾಲು ಯಾವಾಗ ಮಾಡ್ತಾರ್ರಿ?”